ನಾಲ್ಕು ಪೆಗ್ಗಿನ ಸೈಕಲ್ಲು

ಪಂಚಾಂಗ ತೆರೆದು ಮುಹೂರ್ತ ಇಲ್ಲದ ದಿನ ಹುಡುಕುವ ಮನುಷ್ಯ ಸಾಗರ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಆಷಾಢ ಹಿಡಿಯಿತೆಂದರೆ ನನಗೆ ಹಬ್ಬ. ಮದುವೆಯಿಲ್ಲ, ಮುಂಜಿಯಿಲ್ಲ, ಊರಿನ ಕಲ್ಯಾಣ ಮಂಟಪದ ಊಟದ ಹಾಲು ಬೀಗ ಹಾಕಿಕೊಂಡು ಬಿದ್ದಿರುತ್ತದೆ. ವಾಚ್‌ಮನ್ನಿಗೆ ಒಂದು ಕವಳೆ ಎಲೆ, ನಾಲ್ಕು ಅಡಿಕೆ ಕೊಟ್ಟು ಕೀಲಿ ಇಸಕೊಂಡರೆ ಆ ನುಣುಪು ನೆಲವೆಲ್ಲ ನನ್ನದು. ಹೊರಗೆ ಜಡಿಮಳೆ. ಒಳಗೆ ನಾನು, ನನ್ನ 20 ಇಂಚಿನ ಸೈಕಲ್ಲು, ಗೋಡೆಗೆ ಒರಗಿಸಿಟ್ಟ ಮೇಜುಗಳು, ಹಳೆಯ ಮದುವೆಯೊಂದರ ಸಾರಿನ ಉಳಿದ ವಾಸನೆ.

ಈ ಆಟದ ಹೆಸರು ಫ್ಲಾಟ್‌ಲ್ಯಾಂಡ್. ಬಿಎಂಎಕ್ಸ್ ಅಂದಕೂಡಲೇ ಜನಕ್ಕೆ ಮಣ್ಣುದಿಬ್ಬ ಹಾರುವ ಹುಡುಗರು ನೆನಪಾಗುತ್ತಾರೆ. ನಮ್ಮದರಲ್ಲಿ ದಿಬ್ಬವೂ ಇಲ್ಲ, ಹಾರಾಟವೂ ಇಲ್ಲ. ಸಪಾಟು ನೆಲವಿದ್ದರೆ ಸಾಕು. ಎರಡೂ ಚಕ್ರಗಳ ಅಚ್ಚಿನ ಎರಡೂ ತುದಿಗೆ ಗೇಣಿಗಿಂತ ಗಿಡ್ಡನೆಯ ಲೋಹದ ಕೊಳವೆ ಇರುತ್ತದೆ, ಅದೇ ಪೆಗ್. ಪೆಡಲ್ ಬಿಟ್ಟು ಅದರ ಮೇಲೆ ನಿಂತು ಸೈಕಲ್ಲನ್ನು ಒಂದೇ ಚಕ್ರದಲ್ಲಿ ಉರುಳಿಸಬೇಕು, ತಿರುಗಿಸಬೇಕು, ಮೈಸುತ್ತ ಸುತ್ತಿಸಬೇಕು. ‘ಒಟ್ಟು ನಾಲ್ಕು ಪೆಗ್ ಹಾಕಿದ್ದೇನೆ’ ಎಂದು ನಾನು ಫೋನಿನಲ್ಲಿ ಗೆಳೆಯನಿಗೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡ ಸೋದರಮಾವ ಒಂದು ವಾರ ನನಗೆ ಮುಖ ಕೊಟ್ಟು ಮಾತಾಡಲಿಲ್ಲ. ಹಿಂದಿನ ಹಬ್ಬು ಫ್ರೀಕೋಸ್ಟರ್. ಸೈಕಲ್ಲು ಹಿಮ್ಮುಖ ಉರುಳಿದರೂ ಪೆಡಲು ಕಾಲಿಗೆ ಸುತ್ತಿಕೊಳ್ಳುವುದಿಲ್ಲ. ಬ್ರೇಕು ಇಲ್ಲ. ಪಂಕ್ಚರ್ ಅಂಗಡಿಯವನು ಮೊದಲ ಸಲ ನೋಡಿದಾಗ, “ಎಂತ ಮಾರಾಯ್ರೇ, ಬ್ರೇಕ್ ಎಲ್ಲಿ ಬೀಳಿಸ್ಕೊಂಡು ಬಂದ್ರಿ?” ಎಂದು ರಸ್ತೆಯತ್ತ ನೋಡಿದ್ದ.

ಉಳಿದ ತಿಂಗಳುಗಳ ಕತೆ ಅಡಿಕೆಯ ಕೈಯಲ್ಲಿದೆ. ಮನೆಯ ಮುಂದೆ ಒಳ್ಳೆ ಸಿಮೆಂಟಿನ ಅಂಗಳವಿದೆ ನಿಜ. ಆದರೆ ಕೊನೆಕೊಯ್ಲು ಶುರುವಾಗಿ ಚಾಲಿಗೆಂದು ಹಣ್ಣಡಿಕೆ ಹರವಿದರೆ ಒಂದೂವರೆ ತಿಂಗಳು ಅದರ ಮೇಲೆ ಕಾಲಿಡುವ ಹಾಗಿಲ್ಲ. ಮಾರ್ಚಿಗೆ ಅಂಗಳ ಖಾಲಿಯಾದರೂ ಕಾದ ಸಿಮೆಂಟು ಆರಲು ಸಂಜೆಯಾಗಬೇಕು. ಜೂನ್‌ನಲ್ಲಿ ಮಳೆ ಹಿಡಿದರೆ ಎರಡೇ ವಾರಕ್ಕೆ ಹಾವಸೆ. ಅದರ ಮೇಲೆ ಒಂಟಿ ಚಕ್ರದ ಸಾಹಸ ಮಾಡಿ ಸೊಂಟ ಉಳುಕಿಸಿಕೊಂಡ ವಿಷಯ ಇಲ್ಲಿ ಬೇಡ.

ಹಾಗಾಗಿ ಹೊತ್ತು ಮಾಡಿಕೊಳ್ಳುವುದು ಅಂತ ನನ್ನ ಬದುಕಿನಲ್ಲಿಲ್ಲ. ಸಿಕ್ಕ ಸಂದಿಯಲ್ಲಿ ನುಗ್ಗುವುದಷ್ಟೇ. ಹುಮ್ಮಸ್ಸಿನದು ಬೇರೆಯೇ ತಾಪತ್ರಯ. ಸಂಜೆ ಆರಕ್ಕೆ ಸೊಸೈಟಿಯ ಲೆಕ್ಕ ಮುಗಿಸಿ ಬಂದು ಕಾಫಿ ಕುಡಿದು ಕೂತರೆ ನಲವತ್ತೊಂದರ ಮೈ ಏಳುವುದಿಲ್ಲ. ಸ್ಫೂರ್ತಿಗೆಂದು ಫ್ರಾನ್ಸಿನ ಮಥಿಯಾಸ್ ದಾಂದ್ವಾನ ವಿಡಿಯೊ ಹಾಕಿಕೊಳ್ಳುತ್ತೇನೆ. ಹಲವು ಸಲ ವಿಶ್ವ ಚಾಂಪಿಯನ್ ಆದ ಮನುಷ್ಯ, ನೀರು ಹರಿದ ಹಾಗೆ ಸವಾರಿ. ಅರ್ಧ ಗಂಟೆ ನೋಡಿ ಮುಗಿಸುವಷ್ಟರಲ್ಲಿ ನನ್ನ ಅರ್ಧ ಗಂಟೆಯೂ ಮುಗಿದಿರುತ್ತದೆ.

ನನ್ನನ್ನು ಎಬ್ಬಿಸುವುದು ಅದಕ್ಕಿಂತ ಹಳೆಯದು: ಅಮೆರಿಕದ ಪೆನ್ಸಿಲ್ವೇನಿಯಾದ ಯಾರ್ಕ್ ಎಂಬ ಊರಿನ ಕೆವಿನ್ ಜೋನ್ಸ್, ಅವನ ಪ್ಲೈವುಡ್ ಹುಡ್ಸ್ ಗೆಳೆಯರು, 1988ರ ಅವರ ‘ಡಾರ್ಕಿನ್ ಇನ್ ಯಾರ್ಕ್’ ವಿಡಿಯೊ. ಅದುವರೆಗೆ ಈ ಆಟ ಹೆಚ್ಚಾಗಿ ನಿಂತಲ್ಲೇ ಕುಪ್ಪಳಿಸುವುದಾಗಿತ್ತು. ಇವರು ಷೂ ತಳದಿಂದ ಟೈರನ್ನು ಒದೆಯುತ್ತ, ಉಜ್ಜುತ್ತ ಅದನ್ನು ಉರುಳುವ ಆಟ ಮಾಡಿದರು. ಕಾರು ನಿಲ್ಲಿಸುವ ಜಾಗಗಳಲ್ಲಿ! 2019ರಲ್ಲಿ ಚೀನಾದ ಚೆಂಗ್ಡುವಿನ ವಿಶ್ವ ಚಾಂಪಿಯನ್‌ಶಿಪ್ಪಿಗೆ ಫ್ಲಾಟ್‌ಲ್ಯಾಂಡನ್ನೂ ಸೇರಿಸಿಕೊಂಡಾಗ ನನಗೆ ಖುಷಿಯಾಯಿತು, ಸುಳ್ಳೇಕೆ. ಆದರೂ ಇದರ ತವರು ಕಾರ್ ಪಾರ್ಕೇ.

ಇನ್ನೊಂದು ಉಪಾಯ, ಸೈಕಲ್ಲನ್ನು ಬಚ್ಚಲುಮನೆ ದಾರಿಯಲ್ಲೇ ಒರಗಿಸಿಡುವುದು. ದಿನಕ್ಕೆ ನಾಲ್ಕು ಸಲ ಎದುರಾದರೆ ಒಂದು ಸಲವಾದರೂ ನಾಚಿಕೆಯಾಗುತ್ತದೆ. ಹೆಂಡತಿಯ ಕಾಲ್ಬೆರಳು ಪೆಗ್ಗಿಗೆ ತಾಗಿದ ದಿನ ಸಿಕ್ಕ ಪ್ರೋತ್ಸಾಹವಂತೂ ಯಾವ ವಿಡಿಯೊದಲ್ಲೂ ಸಿಗಲಾರದು: “ರೀ, ಒಂದೋ ಹತ್ತಿ, ಇಲ್ಲಾಂದ್ರೆ ಗುಜರಿಗೆ ಹಾಕಿ!”

ಮೂರು ಆಷಾಢಗಳಿಂದ ನಾನು ಬೆನ್ನು ಹತ್ತಿರುವುದು ‘ಹ್ಯಾಂಗ್ ಫೈವ್’ ಅನ್ನು. ಬಲ್ಲವರಿಗೆ ಇದು ಬಾಲಪಾಠ. ತುಸು ವೇಗ ತಗೊಂಡು, ಬಲಗಾಲನ್ನು ಮುಂದಿನ ಪೆಗ್ಗಿನ ಮೇಲಿಟ್ಟು, ಮೈಭಾರ ಮುಂದಕ್ಕೆ ಹಾಕಬೇಕು. ಹಿಂದಿನ ಚಕ್ರ ಮೇಲೇಳುತ್ತದೆ. ಎಡಗಾಲು ಗಾಳಿಯಲ್ಲಿ ಜೋತಾಡುತ್ತ ತಕ್ಕಡಿ ಮುಳ್ಳಿನ ಹಾಗೆ ಅತ್ತಿತ್ತ ಹೊಯ್ದಾಡುತ್ತದೆ. ಕೂದಲೆಳೆ ಮುಂದಾದರೆ ಹ್ಯಾಂಡಲ್ ದಾಟಿ ಮುಗ್ಗರಿಸುತ್ತೇನೆ, ಹಿಂದಾದರೆ ಚಕ್ರ ಧೊಪ್ಪನೆ ಇಳಿಯುತ್ತದೆ. ಇವೆರಡರ ನಡುವೆ ಒಂದು ಬಿಂದು ಇದೆ; ಅಲ್ಲಿ ಸೈಕಲ್ಲಿಗೆ ತೂಕವೇ ಇರುವುದಿಲ್ಲ, ಮುಂಗೈಯ ಬಿಗಿತ ತಾನಾಗಿ ಸಡಿಲುತ್ತದೆ, ಟೈರಿನ ಸಣ್ಣ ಸುಯ್ ಸದ್ದು ಮಾತ್ರ. ಹಾಲಿನಲ್ಲಿ ಸಾಲಾಗಿ ಐದು ಕಂಬ. ಮೊದಲ ವರ್ಷ ಒಂದನ್ನೂ ದಾಟಲಿಲ್ಲ. ಮರುವರ್ಷ ಒಂದು. ಈ ಸಲ ಎರಡು ದಾಟಿ, ಮೂರನೆಯದಕ್ಕೆ ಹೆಗಲು ಕೊಟ್ಟೆ.

ಭೀಮನ ಅಮಾವಾಸ್ಯೆಗೆ ಆಷಾಢ ಮುಗಿಯಿತು. ಮೈಸೂರು ಕಡೆಯವಳಾದ ಹೆಂಡತಿಗೆ ಅವತ್ತು ಗಂಡನ ಪಾದಪೂಜೆ. ಪಾದ ತೊಳೆದು ಅರಿಶಿನ ಹಚ್ಚುವವಳು, ಮೊಣಕಾಲ ಕೆಳಗೆ ಪೆಗ್ ತರಚಿದ ಹಸಿ ಗಾಯ ಕಂಡು ಅಲ್ಲಿಗೂ ಒತ್ತಿ ಹಚ್ಚಿದಳು. ಉರಿಗೆ ಕಣ್ಣಲ್ಲಿ ನೀರು ಬಂತು. ಭಕ್ತಿ ಅಂದುಕೊಂಡಳೋ ಏನೋ.

ಸಂಜೆ ಕೊನೆಯ ಸಲವೆಂದು ಹೋದರೆ ಅಡುಗೆಯವರ ಲಾರಿ ಬಂದಾಗಿತ್ತು. ಶ್ರಾವಣದ ಮೊದಲ ಮದುವೆಗೆ ಹಂಡೆ, ಕೊಪ್ಪರಿಗೆ ಇಳಿಸುತ್ತಿದ್ದರು. ಅವರ ಜೊತೆ ಬಂದ ಹತ್ತು-ಹನ್ನೊಂದರ ಹುಡುಗ ಸೈಕಲ್ಲನ್ನು ಒಂದು ಸುತ್ತು ಬಂದು ನೋಡಿದ.

“ಅಣ್ಣಾ, ಒಂದು ರೌಂಡು ಕೊಡ್ತೀರಾ?”

“ಬ್ರೇಕಿಲ್ಲ ಮಾರಾಯಾ.”

“ಕಾಲಿದೆಯಲ್ಲ” ಎಂದವನೇ ಹತ್ತಿಬಿಟ್ಟ.