ಶೆಫೀಲ್ಡ್ ಡೈರಿ 6: ಕೆರೆ ತುಂಬಿತ್ತು, ತೂಬು ಕಟ್ಟಿತ್ತು

ಮೊದಲನೇ ಫೋಟೋ ನೋಡಿ ಕೇಳೇ ಕೇಳ್ತೀರಿ, ಅದಕ್ಕೆ ಮುಂಚೇನೇ ಹೇಳಿಬಿಡ್ತೀನಿ. ಅದು ಐಸ್‌ಕ್ರೀಂ ಗಾಡಿ ಅಲ್ಲ. ಕ್ಯಾರವಾನ್. ಒಳಗೆ ಮಂಚ, ಒಲೆ, ಸಿಂಕ್, ಪುಟ್ಟ ಬಚ್ಚಲು ಎಲ್ಲ ಇದೆ. ಇಲ್ಲದಿರೋದು ಎಂಜಿನ್ ಒಂದೇ. ಕಾರಿನ ಹಿಂದೆ ಕಟ್ಟಿ ಎಳೀಬೇಕು. ಕಾರು ಬಿಚ್ಚಿದ ಮೇಲೆ ಅದು 1400 ಕೆಜಿಯ ಡಬ್ಬ. ಮನೆ ಮುಂದಿನ ಜಾಗಕ್ಕೆ ತಿರುಗಿಸಿ ನಿಲ್ಲಿಸಬೇಕು ಅಂದ್ರೆ ಜನ ಸೇರಿ ತಳ್ಳಬೇಕು, ಥೇಟ್ ನಮ್ಮೂರಿನ ತೇರಿನ ಹಾಗೆ.

ಇದು ನಮ್ಮ ಮಾವಂದು, ಅಂದ್ರೆ ಅಮ್ಮನ ತಮ್ಮಂದು. ನಾನು ಇಲ್ಲಿ ಓದೋಕೆ ಬಂದಾಗಿನಿಂದ ಅವರ ಮನೇಲೇ ಇದ್ದೀನಿ. ಶೆಫೀಲ್ಡ್ ಊರೇ ಗುಡ್ಡದ ಮೇಲಿರೋದು. ಮಾವನ ಮನೆಯ ಡ್ರೈವ್ ರಸ್ತೆಯಿಂದ ಮೇಲಕ್ಕೆ ಏರ್ತದೆ, ಎಂಟು ಅಡಿಗೆ ಒಂದು ಅಡಿ. ಹೋದ ವರ್ಷ ಮಾವಂಗೆ ಬೆನ್ನಿನ ಡಿಸ್ಕ್ ಆಪರೇಷನ್ ಆಯ್ತು. ಆಮೇಲೆ ಕ್ಯಾರವಾನ್ ಮಾರಿಬಿಡೋಣ ಅಂತ ಅತ್ತೆ, ಬೇಡ ಅಂತ ಮಾವ. ಈ ಜೂನ್‌ನಲ್ಲಿ ಸಾಗರದಿಂದ ಅಜ್ಜಿ ಬರೋದಿತ್ತು. ಅಮ್ಮನ್ನ ಅದರಲ್ಲಿ ಕೂರಿಸ್ಕೊಂಡು ಹೋಗಿ ವಿಟ್‌ಬಿಯ ಸಮುದ್ರ ತೋರಿಸ್ಬೇಕು ಅನ್ನೋದು ಅವರ ಆಸೆ.

ಕೊನೆಗೆ ಮಾರ್ಚಲ್ಲಿ ಮೋಟರ್ ಮೂವರ್ ಹಾಕಿಸಿದ್ರು. ಎರಡನೇ ಫೋಟೋ ಅದೇ. ಎರಡೂ ಚಕ್ರದ ಪಕ್ಕ ಒಂದೊಂದು ರೋಲರ್, ಒಂದೊಂದು 12 ವೋಲ್ಟ್ ಮೋಟರ್. ರೋಲರನ್ನ ಟೈರಿಗೆ ಒತ್ತಿ ನಿಲ್ಲಿಸಿ, ರಿಮೋಟ್ ಒತ್ತಿದ್ರೆ ಕ್ಯಾರವಾನ್ ಆಮೆ ಥರ ತಾನೇ ನಡೀತದೆ. ಇದಕ್ಕೆ ಕರೆಂಟ್ ಬರೋದು ಒಳಗಿನ ದೀಪ, ನೀರಿನ ಪಂಪಿಗೆ ಇಟ್ಟಿರೋ ಬ್ಯಾಟರಿಯಿಂದಾನೇ.

ಮೂವರ್ ಕೂರಿಸಿದವರು ಹೋಗುವಾಗ, 'ಈ ಬ್ಯಾಟರಿಗೆ ವಯಸ್ಸಾಗಿದೆ, ಬದಲಾಯಿಸಿದ್ರೆ ಒಳ್ಳೇದು' ಅಂದಿದ್ರು. ಮಾವ ನನ್ನ ಮುಖ ನೋಡಿದ್ರು. ಮನೇಲಿರೋ ಎಲೆಕ್ಟ್ರಿಕಲ್ ಎಂಜಿನಿಯರ್ ನಾನೇ ತಾನೆ! ಮಲ್ಟಿಮೀಟರ್ ತಂದೆ, ಇಟ್ಟೆ, 12.6 ವೋಲ್ಟ್. ಲೇಬಲ್ ಮೇಲೆ 110 ಆಂಪಿಯರ್-ಅವರ್. ಕಾಗದದ ಮೇಲೆ ಲೆಕ್ಕ ಹಾಕಿದೆ: ಮೂವರ್ ಓಡೋದು ಹೆಚ್ಚಂದ್ರೆ 10 ನಿಮಿಷ. 60 ಆಂಪಿಯರ್ ಎಳೆದ್ರೂ ಖರ್ಚಾಗೋದು 10 ಆಂಪಿಯರ್-ಅವರ್. ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅಂತ ಹಿಡಿದ್ರೂ ಬೇಕಾದಷ್ಟು ಉಳೀತದೆ. 'ಸುಮ್ನೆ ದುಡ್ಡು ಯಾಕೆ ಮಾವ, ಇದೇ ಸಾಕು' ಅಂದೆ.

ನಮ್ಮ ಕ್ಲಾಸಿನವರೇ, ತಪ್ಪು ಎಲ್ಲಿದೆ ಅಂತ ನಿಮಗೆ ಆಗ್ಲೇ ಹೊಳೆದಿದ್ರೆ ದಯವಿಟ್ಟು ಕಾಮೆಂಟಲ್ಲಿ ನಗಬೇಡಿ. ಇಂಟರ್ನಲ್ ರೆಸಿಸ್ಟೆನ್ಸ್ ಪ್ರಶ್ನೆಗೆ ಪೂರ್ತಿ ಮಾರ್ಕ್ಸ್ ತಗೊಂಡವಳು ನಾನು.

ಮಾರ್ಚ್ ಕೊನೆಯ ಒಂದು ಸಂಜೆ, ಸಣ್ಣ ಮಳೆ. ಸರ್ವೀಸಿನಿಂದ ಕ್ಯಾರವಾನ್ ತಂದು ರಸ್ತೆಯಲ್ಲಿ ಕಾರು ಬಿಚ್ಚಿದ್ವಿ. ರೋಲರ್ ಒತ್ತಿದ್ವಿ, ಹ್ಯಾಂಡ್‌ಬ್ರೇಕ್ ಬಿಟ್ವಿ. ಸಮತಟ್ಟಲ್ಲಿ ಚೆನ್ನಾಗೇ ಹೋಯ್ತು. ಏರು ಹತ್ತೋಕೆ ಶುರು ಮಾಡಿ ಒಂದೂವರೆ ಮೀಟರ್ ಆಗಿತ್ತೋ ಇಲ್ವೋ, ಮೋಟರಿನ ದನಿ ಇಳೀತು. ರಿಮೋಟಿನಲ್ಲಿ ಕೆಂಪು ದೀಪ ಮಿಣುಕಿ ಎಲ್ಲ ನಿಂತುಹೋಯ್ತು. ಅರ್ಧ ಕ್ಯಾರವಾನ್ ಡ್ರೈವ್‌ನಲ್ಲಿ, ಅರ್ಧ ರಸ್ತೆಯಲ್ಲಿ. ಹಿಂದೆ ಒಂದು ಬಸ್ಸು ಬಂದು ನಿಂತಿತು.

ಮಾವ ಏನೂ ಮಾತಾಡ್ಲಿಲ್ಲ. ಹೋಗಿ ಭುಜ ಕೊಟ್ಟು ತಳ್ಳಿದ್ರು. ರೋಲರ್ ಟೈರಿಗೆ ಕಚ್ಚಿಕೊಂಡಿರುವಾಗ ಹತ್ತು ಜನ ತಳ್ಳಿದ್ರೂ ಅದು ಅಲುಗಲ್ಲ, ಗೇರ್‌ಬಾಕ್ಸೇ ಹಿಡಿದು ನಿಲ್ಲಿಸಿರ್ತದೆ. ಅದು ಗೊತ್ತಾಗಿ ಅವರು ಬಗ್ಗಿ ರೋಲರ್ ಬಿಚ್ಚೋಕೆ ಹೋದ್ರು. ಹ್ಯಾಂಡ್‌ಬ್ರೇಕ್ ಬಿಟ್ಟೇ ಇತ್ತು. ಬಿಚ್ಚಿದ್ದಿದ್ರೆ 1400 ಕೆಜಿ ಸೀದಾ ರಸ್ತೆಗೆ, ಬಸ್ಸಿನ ಮೂತಿಗೆ. ನಾನು 'ಮಾವಾ, ಮುಟ್ಬೇಡಿ!' ಅಂತ ಕಿರುಚಿದೆ. ಜೀವಮಾನದಲ್ಲಿ ಅವರ ಮೇಲೆ ದನಿ ಏರಿಸಿದ್ದು ಅದೇ ಮೊದಲು. ಓಡಿ ಹ್ಯಾಂಡ್‌ಬ್ರೇಕ್ ಎಳೆದೆ, ಅತ್ತೆ ಚಕ್ರಕ್ಕೆ ಗೊಟ್ಟ ಕೊಟ್ರು. ಮಾವ ಎದ್ದು ನಿಲ್ಲೋಕೆ ನೋಡಿದ್ರು, ಆಗ್ಲಿಲ್ಲ. ಬೆನ್ನು ಹಿಡಿದಿತ್ತು.

ಪಕ್ಕದ ಮನೆಯವರು ಬಂದು ಬಸ್ಸನ್ನ ಬದಿಯಿಂದ ದಾಟಿಸಿದ್ರು. ಮನೆಯಿಂದ ವೈರ್ ಎಳೆದು ಕ್ಯಾರವಾನಿನ ಚಾರ್ಜರ್ ಹಾಕಿ, ಕಾದು, ಒಂದೊಂದು ಅಡಿ ಏರಿಸಿ ನಿಲ್ಲಿಸಿ, ಮತ್ತೆ ಕಾದು, ಎಲ್ಲ ಮುಗಿಯೋ ಹೊತ್ತಿಗೆ ರಾತ್ರಿ ಒಂಬತ್ತೂವರೆ. ಮಾವ ಮೂರು ದಿನ ಮಲಗಿದ್ರು. 'ನಿಂದೇನು ತಪ್ಪು ಪುಟ್ಟಿ' ಅಂದ್ರು. ಬೈದಿದ್ರೆ ವಾಸಿ ಇತ್ತು.

ಮರುದಿನ ಬ್ಯಾಟರಿಗೆ ಮತ್ತೆ ಮೀಟರ್ ಇಟ್ಟೆ. ನಂಬ್ತೀರೋ ಇಲ್ವೋ, ಮತ್ತೆ 12.6! ದೀಪ ಉರೀತದೆ, ಪಂಪ್ ಓಡ್ತದೆ. ಲ್ಯಾಬಿನಿಂದ ಕ್ಲಾಂಪ್ ಮೀಟರ್ ಕೇಳಿ ತಂದು, ಹಿಂದೆ ಮುಂದೆ ಗೊಟ್ಟ ಕೊಟ್ಟು, ಏರಿನಲ್ಲಿ ಎರಡು ಸೆಕೆಂಡ್ ಮೂವರ್ ಓಡಿಸಿದೆ. ಕರೆಂಟ್ 85 ಆಂಪಿಯರ್. ವೋಲ್ಟೇಜ್ 12.6ರಿಂದ 10.1ಕ್ಕೆ ಧೊಪ್ಪಂತ ಬಿತ್ತು. ಭಾಗಾಕಾರ ಮಾಡಿ: 2.5 ವೋಲ್ಟನ್ನ 85ರಿಂದ ಭಾಗಿಸಿದ್ರೆ ಹತ್ತಿರ ಹತ್ತಿರ 30 ಮಿಲಿಓಮ್. ಆರೋಗ್ಯವಾಗಿರೋ ಇಂಥ ಬ್ಯಾಟರಿಗೆ ಇದು 5ರ ಆಸುಪಾಸಿನಲ್ಲಿ ಇರಬೇಕು. ವಯಸ್ಸಾದ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಹೀಗಾಗ್ತದೆ.

ನಮ್ಮೂರ ಕೆರೆ ನೆನೆಸಿಕೊಳ್ಳಿ. ಆಂಪಿಯರ್-ಅವರ್ ಅಂದ್ರೆ ಕೆರೆಯಲ್ಲಿ ಎಷ್ಟು ನೀರಿದೆ ಅನ್ನೋದು. ತೂಬಿನಲ್ಲಿ ಹೂಳು ಕಟ್ಟಿದ್ರೆ ಕೆರೆ ಕೋಡಿ ಬೀಳ್ತಿದ್ರೂ ಗದ್ದೆಗೆ ಬರೋದು ಕಿರುಬೆರಳ ಗಾತ್ರದ ನೀರು. ದೀಪಕ್ಕೆ ಅಷ್ಟು ಸಾಕು. ನಿಮ್ಮ ಮನೆ ಯುಪಿಎಸ್‌ನ 150ರ ಬ್ಯಾಟರಿ ರಾತ್ರಿಯಿಡೀ ಫ್ಯಾನ್ ತಿರುಗಿಸೋದೂ ಹಾಗೇ, ನಿಧಾನಕ್ಕೆ. ಮೂವರ್‌ಗೆ ಬೇಕಾಗಿರೋದು ಐದು ನಿಮಿಷದ ಪ್ರವಾಹ. ಎಂಟಕ್ಕೊಂದರ ಏರಲ್ಲಿ 1400 ಕೆಜಿ ಎತ್ತೋದು ಅಂದ್ರೆ 175 ಕೆಜಿ ಹಿಂದಕ್ಕೆ ಎಳೀತಿರ್ತದೆ. ಸಮತಟ್ಟಲ್ಲಿ 20–30 ಆಂಪಿಯರ್ ಕುಡಿಯೋ ಮೋಟರ್ ಇಲ್ಲಿ ಮೂರ್ನಾಲ್ಕು ಪಟ್ಟು ಕೇಳೋದು ಅದಕ್ಕೇ. ಚಕ್ರ ಫುಟ್‌ಪಾತಿನ ಅಂಚಿಗೆ ತಾಗಿದ್ರೆ ಇನ್ನೂ ಜಾಸ್ತಿ. ನಮ್ಮ ಮೂವರ್ ಪುಸ್ತಕದಲ್ಲಿ ಗರಿಷ್ಠ 120 ಅಂತ ಬರೆದೇ ಇತ್ತು. ನಾನು ಆ ಪುಟ ತಿರುಗಿಸಿರಲೇ ಇಲ್ಲ.

ಸರಿ, ಹೊಸದು ಯಾವುದು? ನನ್ನ ಮನಸ್ಸು ಲಿಥಿಯಂ ಮೇಲಿತ್ತು, ನಿಮ್ಮ ಮುಂದೆ ಯಾಕೆ ಸುಳ್ಳು. ಸೀಸದ 110ರ ಬ್ಯಾಟರಿ 25 ಕೆಜಿ ತೂಗಿದ್ರೆ ಲಿಥಿಯಂ ಐರನ್ ಫಾಸ್ಫೇಟ್ 100ರದ್ದು ಅದರ ಅರ್ಧ. ಇಲ್ಲಿ ಕ್ಯಾರವಾನಿಗೆ ಇಷ್ಟೇ ತೂಕ ಹೇರಬಹುದು ಅಂತ ಮಿತಿ ಇದೆ, ಮೂವರ್ ಆಗ್ಲೇ ಅದರಲ್ಲಿ 30 ಕೆಜಿ ತಿಂದಿದೆ. ವೋಲ್ಟೇಜೂ ಸುಲಭಕ್ಕೆ ಕುಸಿಯಲ್ಲ. ಆದ್ರೆ ಮಾವ ನೋಡಿಟ್ಟಿದ್ದ ಅಗ್ಗದ ಲಿಥಿಯಂ ಒಳಗೆ ಕೂತಿರೋ ಬಿಎಂಎಸ್, ಅಂದ್ರೆ ಕಾವಲುಗಾರ ಸರ್ಕ್ಯೂಟ್, 100 ಆಂಪಿಯರ್‌ವರೆಗೆ ಮಾತ್ರ ಬಿಡ್ತಿತ್ತು. ಅದನ್ನ ಮೀರಿ ಎಳೆದ್ರೆ ಬಾಗಿಲು ಹಾಕಿಬಿಡ್ತದೆ. ಮತ್ತೆ ಅರ್ಧ ಏರಲ್ಲಿ ನಿಲ್ಲೋದು! 150–200 ಬಿಡುವಂಥದ್ದು ಸಿಗ್ತದೆ, ಬೆಲೆ ಬೇರೆ. ಜೊತೆಗೆ ನಮ್ಮ ಹಳೇ ಕ್ಯಾರವಾನಿನ ಚಾರ್ಜರ್ ಸೀಸದ ಬ್ಯಾಟರಿಗೆ ಅಂತ ಮಾಡಿದ್ದು, 13.8 ವೋಲ್ಟಲ್ಲೇ ನಿಲ್ತದೆ. ಲಿಥಿಯಂ ಪೂರ್ತಿ ತುಂಬೋಕೆ 14.4ರ ಹತ್ತಿರ ಬೇಕು, ಅದನ್ನೂ ಬದಲಾಯಿಸ್ಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡಲೂ ಬಾರದು. ಇಲ್ಲಿಯ ಜನವರಿಯಲ್ಲಿ ಹೊರಗಿನ ಬ್ಯಾಟರಿ ಪೆಟ್ಟಿಗೆ ಫ್ರಿಜ್ಜಿಗಿಂತ ತಣ್ಣಗಿರ್ತದೆ.

'ಕಾರಿನ ಬ್ಯಾಟರಿ ಹಾಕಿದ್ರೆ ಆಗಲ್ವಾ?' ಅಂತ ನಮ್ಮ ತಮ್ಮ ಫೋನಲ್ಲಿ ಕೇಳಿದ. ಕರೆಂಟೇನೋ ಧಾರಾಳವಾಗಿ ಕೊಡ್ತದೆ, ತೆಳು ಪ್ಲೇಟು. ಆದ್ರೆ ಕ್ಯಾರವಾನಲ್ಲಿ ದೀಪ ಹಾಕಿ ಹಾಕಿ ಖಾಲಿ ಮಾಡಿದ್ರೆ ಬೇಗ ಸಾಯ್ತದೆ.

ಇಲ್ಲಿ ನ್ಯಾಷನಲ್ ಕ್ಯಾರವಾನ್ ಕೌನ್ಸಿಲ್‌ನವರು ಬ್ಯಾಟರಿಗಳನ್ನ ಪರೀಕ್ಷೆ ಮಾಡಿಸಿ ಎ, ಬಿ, ಸಿ ಅಂತ ವಿಂಗಡಿಸಿದ್ದಾರೆ. ಕರೆಂಟ್ ಸಿಗದ ಕಾಡು ಮೇಡಲ್ಲಿ ತಂಗೋರಿಗೆ ಎ. ಸೈಟಲ್ಲಿ ಪ್ಲಗ್ ಹಾಕ್ಕೊಂಡು, ಮೂವರ್‌ನಂಥದ್ದಕ್ಕೆ ಮಾತ್ರ ಬ್ಯಾಟರಿ ಬಳಸೋರಿಗೆ ಬಿ. ಮಾವ ಯಾವತ್ತೂ ಪ್ಲಗ್ ಇಲ್ಲದ ಜಾಗಕ್ಕೆ ಹೋದವರಲ್ಲ, ರಾತ್ರಿ ಹೀಟರ್ ಬೇಕೇ ಬೇಕು. ಹಾಗಾಗಿ ಬಿ ಪಟ್ಟಿ ಹಿಡಿದು ಹೊರಟೆ. ಕೊನೆಗೆ ತಗೊಂಡಿದ್ದು ಎಜಿಎಂ, ಸುಮಾರು 100 ಆಂಪಿಯರ್-ಅವರ್. ಅದೂ ಸೀಸದ್ದೇ. ಆಸಿಡ್ಡನ್ನ ಗಾಜಿನ ನಾರಿನ ಹಾಳೆ ಹೀರಿಕೊಂಡಿರ್ತದೆ, ಚೆಲ್ಲಲ್ಲ, ಒಳಗಿನ ತಡೆಯೂ ಕಡಿಮೆ. ಲೇಬಲ್ ಸಂಖ್ಯೆ ನಮ್ಮ ಹಳೇದಕ್ಕಿಂತ 10 ಕಮ್ಮಿ! 'ಸಣ್ಣದಕ್ಕೆ ಜಾಸ್ತಿ ದುಡ್ಡಾ?' ಅಂತ ಅತ್ತೆ ಅಂಗಡೀಲೇ ನಿಂತು ಕೇಳಿದ್ರು. ತೂಬಿನ ಕಥೆ ಅವರಿಗೆ ಅಲ್ಲೇ ಹೇಳಿದೆ. ತೂಕ ಏನೂ ಉಳೀಲಿಲ್ಲ. ಅತ್ತೆ ಎರಡು ಎರಕದ ಕಬ್ಬಿಣದ ಬಾಣಲೆ ಕೆಳಗಿಳಿಸಿದ್ರು.

ಈ ಸಲ ಅಳೀದೆ ಬಿಡ್ಲಿಲ್ಲ. ಅದೇ ಏರು, ಅದೇ 85 ಆಂಪಿಯರ್, 12.8ರಿಂದ ಇಳಿದದ್ದು 12.3ಕ್ಕೆ. ಆ ಸಂಖ್ಯೆ ನೋಡಿ ಮಳೆಯಲ್ಲೇ ಒಂದು ಸುತ್ತು ಕುಣಿದೆ, ಮೂರನೇ ಫೋಟೋ ಅತ್ತೆ ಕದ್ದು ತೆಗೆದದ್ದು. ತಿಂಗಳಿಗೊಮ್ಮೆ ಬೇರೆ ಚಾರ್ಜರ್ ಹಾಕಿ ಪೂರ್ತಿ ತುಂಬಿಸ್ತೀನಿ. ಕೆಲಸ ಮುಗಿದ ಮೇಲೆ ಮೂವರಿನ ಐಸೊಲೇಟರ್ ಕೀ ತೆಗೆದು ನನ್ನ ಹತ್ರಾನೇ ಇಟ್ಕೊಳ್ತೀನಿ.

ಕೊನೆಯ ಫೋಟೋ ಜೂನ್‌ದು. ವಿಟ್‌ಬಿಯಿಂದ ವಾಪಸ್ ಬಂದ ಸಂಜೆ. ಅಜ್ಜಿ ಸ್ವೆಟರ್ ಮೇಲೆ ಶಾಲು ಹೊದ್ದು ಗೇಟ್ ಹತ್ರ ನಿಂತಿದ್ಲು. ಕಾರು ಬಿಚ್ಚಿದ ಕ್ಯಾರವಾನ್ ತನ್ನಷ್ಟಕ್ಕೆ ಏರು ಹತ್ತೋದು ನೋಡಿ, 'ಎತ್ತು ಎಲ್ಲಿ ಕಟ್ಟಿದೀಯೇ?' ಅಂತ ಕೇಳಿದ್ಲು. ಪೆಟ್ಟಿಗೆ ಮುಚ್ಚಳ ತೆಗೆದು ತೋರಿಸಿದೆ. ಬಗ್ಗಿ ನೋಡಿ, 'ಇಷ್ಟೇಯಾ? ಆವತ್ತು ನನ್ನ ಮಗನ ಸೊಂಟ ಮುರಿದದ್ದು ಇದೇ ಏನು?' ಅಂದ್ಲು. ಅಲ್ಲ ಅಜ್ಜಿ, ಅದನ್ನ ಕೊಟ್ಟುಬಿಟ್ಟಾಯ್ತು, ಅದರಲ್ಲಿ ತಪ್ಪು ನಂದೂ ಇತ್ತು ಅಂದೆ. ಮಾವ ಕೇಳಿಸಿಕೊಂಡ್ರೂ ತಿರುಗಲಿಲ್ಲ. ರಿಮೋಟ್ ಅಜ್ಜಿ ಕೈಗೆ ಕೊಟ್ಟು, 'ಈ ಬಟನ್ ಒತ್ತು ಅಮ್ಮ, ಬಿಡಬೇಡ, ನಾನು ಹೇಳೋವರೆಗೆ ಬಿಡಬೇಡ' ಅಂತಿದ್ರು.