ಎರಡೇ ಸೀಟಿನ ಕಾರು

ನಮ್ಮ ಬ್ಯಾರಿ ಮನೆಗಳಲ್ಲಿ ಕಾರು ಕೊಳ್ಳುವಾಗ ಮೊದಲು ಕೇಳುವುದು ಎಷ್ಟು ಜನ ಕೂರಬಹುದು ಎಂದು. ಮೈಲೇಜು, ಬಣ್ಣ ಎಲ್ಲ ಆಮೇಲೆ. ಮದುವೆಗೆ ಹೋಗಬೇಕು, ಮಯ್ಯತ್ತಿಗೆ ಹೋಗಬೇಕು, ಗಲ್ಫಿನಿಂದ ಬರುವವರನ್ನು ಕರೆತರಲು ಬಜ್ಪೆಗೆ ಇಡೀ ಮನೆಯೇ ಹೊರಡಬೇಕು. ಹಾಗಾಗಿ ಮೊದಲು ಆಮ್ನಿ, ಆಮೇಲೆ ಕ್ವಾಲಿಸ್, ಈಗ ಇನ್ನೋವಾ. ಇಂಥ ಊರಿಗೆ ನಮ್ಮ ಕಾಕ 2005ರಲ್ಲಿ ಎರಡೇ ಸೀಟಿನ ಕಾರು ತಂದು ನಿಲ್ಲಿಸಿದರು. ಉಮ್ಮ ಅದಕ್ಕೆ ಒಂದು ಸುತ್ತು ಬಂದು, "ಉಳಿದವರು ಎಲ್ಲಿ ಕೂರುವುದು?" ಎಂದು ಕೇಳಿದ್ದು ನಮ್ಮ ಕುಟುಂಬದಲ್ಲಿ ಗಾದೆಯೇ ಆಗಿಬಿಟ್ಟಿತು.

ಆ ಕಾರಿನ ಹೆಸರು ಸ್ಯಾನ್ ಸ್ಟಾರ್ಮ್. ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಬೆಂಗಳೂರಿನ ಸ್ಯಾನ್ ಕಂಪೆನಿಯವರು 1998ರಲ್ಲಿ ಮಾರುಕಟ್ಟೆಗೆ ಬಿಟ್ಟ ಸ್ಪೋರ್ಟ್ಸ್ ಕಾರು. ತಯಾರಾದದ್ದು ಗೋವಾದಲ್ಲಿ. ಎಂಜಿನ್ ಫ್ರಾನ್ಸಿನ ರೆನೋದ್ದು, 1149 ಸಿಸಿ, 60 ಅಶ್ವಶಕ್ತಿ. ಮೇಲ್ಮೈ ಪೂರ್ತಿ ಫೈಬರ್ ಗ್ಲಾಸ್. 60 ಅಶ್ವಶಕ್ತಿ ಎಂದರೆ ಇವತ್ತಿನ ಒಂದು ಸಾಧಾರಣ ಕಾರಿಗಿಂತ ಕಡಿಮೆಯೇ. ಆದರೆ ಕಾರು ಹಗುರ, ಸೀಟು ನೆಲಕ್ಕೆ ಹತ್ತಿರ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೂ 100ರಲ್ಲಿ ಹೋದ ಹಾಗೆ ಕಾಣುತ್ತದೆ.

ಕಾಕ ಜುಬೈಲಿಗೆ ಹೋದದ್ದು 1999ರಲ್ಲಿ. ಆರು ವರ್ಷ ದುಡಿದ ಮೇಲೆ ರಜೆಯಲ್ಲಿ ಬಂದಾಗ ಬೆಂಗಳೂರಿನಲ್ಲಿ ಈ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡು ಶಿರಾಡಿ ಘಾಟಿ ಇಳಿಸಿ ಉಳ್ಳಾಲಕ್ಕೆ ತಂದರು. ಅದು 2002ರ ಮಾಡೆಲ್. ಆಮೇಲೆ ಇಬ್ಬರು ತಂಗಿಯರ ಮದುವೆ, ಉಪ್ಪನ ಆಪರೇಷನ್, ಮನೆಗೆ ಮಾಳಿಗೆ, ನನ್ನ ಡಿಪ್ಲೊಮಾ ಫೀಸು, ಎಲ್ಲವೂ ಜುಬೈಲಿನಿಂದಲೇ ಬಂತು. ತನಗಾಗಿ ಎಂದು ಕಾಕ ಕೊಂಡ ವಸ್ತು ಈ ಕಾರು ಒಂದೇ. ಅದನ್ನೂ ಓಡಿಸಲು ಸಿಕ್ಕಿದ್ದು ಎರಡು ವರ್ಷಕ್ಕೊಮ್ಮೆ, ಒಂದೊಂದು ತಿಂಗಳು. 2011ರ ರಜೆಯಲ್ಲಿ ಬ್ಯಾಟರಿ ಸತ್ತಿತ್ತು, ಮುಂದಿನ ಸಲ ಬ್ರೇಕು ಹಿಡಿದುಕೊಂಡಿತ್ತು. ಆಮೇಲೆ ಅದು ಟಾರ್ಪಾಲಿನ ಅಡಿ ಕೋಳಿಗಳ ಮನೆಯಾಯಿತು.

2016ರಲ್ಲಿ ಕಾಕ ಫೋನ್ ಮಾಡಿ, "ಅದನ್ನು ಗುಜರಿಗೆ ಕೊಟ್ಟುಬಿಡು" ಎಂದರು. ನಮ್ಮ ಉಪ್ಪನೇ ಮೂವತ್ತು ವರ್ಷ ಗುಜರಿ ವ್ಯಾಪಾರ ಮಾಡಿದವರು. ಅವರು ಕಾರನ್ನು ಬೆರಳಿನಿಂದ ತಟ್ಟಿ, "ಫೈಬರಿಗೆ ಗುಜರಿಯಲ್ಲಿ ಕಿಲೋ ರೇಟೇ ಇಲ್ಲ. ಎಂಜಿನ್ನು, ಚಾಸಿಸ್ಸಿನ ಕಬ್ಬಿಣ, ಅಷ್ಟಕ್ಕೆ ಮಾತ್ರ ದುಡ್ಡು" ಎಂದರು. ಆರು ವರ್ಷದ ಬೆವರಿಗೆ ಕಬ್ಬಿಣದ ತೂಕದ ಬೆಲೆ. ಕಾಕನ ದನಿಯಲ್ಲಿ ಬೇಸರ ಇರಲಿಲ್ಲ, ಅಭ್ಯಾಸ ಇತ್ತು. ತನ್ನದನ್ನು ಬಿಟ್ಟುಕೊಡುವ ಅಭ್ಯಾಸ. ನನಗೆ ಅದು ಸಹಿಸಲಿಲ್ಲ. ಕಾರನ್ನು ಲಾರಿಗೆ ಏರಿಸಿ ನಾನಿರುವ ಹೊಸೂರಿಗೆ ತರಿಸಿಕೊಂಡೆ. ಆರ್‌ಸಿಯ 15 ವರ್ಷ ಮುಗಿಯಲು ಒಂದು ವರ್ಷ ಉಳಿದಿತ್ತು.

ಹೊಸೂರು ಎಂದರೆ ನಮ್ಮವರಿಗೆ ಅತ್ತಿಬೆಲೆ ದಾಟಿದ ಕೂಡಲೇ ಬರುವ ಊರು. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ಕೃಷ್ಣಗಿರಿ ಜಿಲ್ಲೆ. ತಮಿಳು, ಕನ್ನಡ, ತೆಲುಗು, ಉರ್ದು ಒಂದೇ ಟೀ ಅಂಗಡಿಯಲ್ಲಿ ಕೇಳುತ್ತದೆ. ನಾನು ಇಲ್ಲಿನ ಸಿಪ್ಕಾಟಿನ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಕೆಲಸದಲ್ಲಿದ್ದೇನೆ. ಟಿವಿಎಸ್, ಅಶೋಕ್ ಲೇಲ್ಯಾಂಡ್ ಇರುವ ಊರಾದ್ದರಿಂದ ಸಣ್ಣ ಸಣ್ಣ ಲೇತ್ ಶಾಪುಗಳು ಓಣಿ ಓಣಿಯಲ್ಲಿ ಉಂಟು. ಅಂಗಡಿಯಲ್ಲಿ ಸಿಗದ ಬುಷ್ಷನ್ನು ಹಳೆಯದರ ಅಳತೆ ಕೊಟ್ಟು ಮಾಡಿಸಬಹುದು. ಇನ್ನೊಂದು ಲಾಭ ಹವೆಯದ್ದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಒಣಗಾಳಿ. ಉಳ್ಳಾಲದಲ್ಲಿ ಉಪ್ಪುಗಾಳಿ ಕಬ್ಬಿಣವನ್ನು ತಿನ್ನುವ ವೇಗ ನಿಮಗೆ ಗೊತ್ತಿದೆ.

ಬಾಡಿಗೆ ಮನೆಯ ಮುಂದಿನ ಶೀಟು ಹಾಕಿದ ಜಾಗವೇ ನನ್ನ ಗ್ಯಾರೇಜು. ಭಾನುವಾರಗಳೇ ನನ್ನ ದಿನ. ಮೊದಲು ಕೊಂಡದ್ದು ನಾಲ್ಕು ಜಾಕ್ ಸ್ಟ್ಯಾಂಡು. ಬರೀ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಕೈ ಕೂಡ ಹಾಕಬಾರದು. ಜಾಕಿನ ಸೀಲು ಯಾವಾಗ ಬಿಡುತ್ತದೆ ಎಂದು ಹೇಳಲಿಕ್ಕಾಗದು.

ನಿಂತ ಕಾರಿಗೆ ಬ್ಯಾಟರಿ ಕಟ್ಟಿ ಸೀದಾ ಕೀ ತಿರುಗಿಸುವುದು ನಮ್ಮಲ್ಲಿ ಸಾಮಾನ್ಯ. ಅದು ಎಂಜಿನ್ನಿಗೆ ಒಳ್ಳೆಯದಲ್ಲ. ಟ್ಯಾಂಕಿನ ಪೆಟ್ರೋಲು ಅಂಟಾಗಿ ವಾರ್ನಿಷಿನ ವಾಸನೆ ಬರುತ್ತಿತ್ತು. ಅದನ್ನೆಲ್ಲ ತೆಗೆದು ಟ್ಯಾಂಕು ತೊಳೆದೆ, ಫಿಲ್ಟರ್ ಬದಲಿಸಿದೆ, ಇಂಜೆಕ್ಟರುಗಳನ್ನು ಕ್ಲೀನ್ ಮಾಡಿಸಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರುಗಳಿಗೆ ಸ್ವಲ್ಪ ಎಣ್ಣೆ ಬಿಟ್ಟು, ಒಂದು ರಾತ್ರಿ ಬಿಟ್ಟು, ಮರುದಿನ ಪಾನಾ ಹಾಕಿ ಎಂಜಿನ್ನನ್ನು ಕೈಯಿಂದಲೇ ತಿರುಗಿಸಿದೆ. ತಿರುಗಿತು. ಆಗಲೂ ಸ್ಟಾರ್ಟ್ ಮಾಡಲಿಲ್ಲ. ಟೈಮಿಂಗ್ ಬೆಲ್ಟು ಹಳೆಯದಿತ್ತು. ಅದು ರಬ್ಬರು, ಕಿಲೋಮೀಟರ್ ಓಡದಿದ್ದರೂ ಪ್ರಾಯವಾಗುತ್ತದೆ. ಓಡುವಾಗ ತುಂಡಾದರೆ ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಎಲ್ಲ ಹಾಳು. ಈ ಎಂಜಿನ್ನಿನ ಜಾತಿಯೇ ಯುರೋಪಿನಲ್ಲಿ ರೆನೋದ ಟ್ವಿಂಗೊ, ಕ್ಲಿಯೊ ಕಾರುಗಳಲ್ಲೂ ಇತ್ತು. ಹಾಗಾಗಿ ಇಲ್ಲಿ ಸಿಗದ ಬೆಲ್ಟು ಅಲ್ಲಿ ಸಿಗುತ್ತದೆ. ಬ್ರಿಟನ್ನಿನಲ್ಲಿ ಓದುತ್ತಿದ್ದ ಸಂಬಂಧಿಕ ಹುಡುಗ ಚಾಕಲೇಟಿನ ನಡುವೆ ಬೆಲ್ಟು, ಟೆನ್ಷನರು ಇಟ್ಟು ತಂದ. ಹಾಕಿದ ಮೇಲೆ ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ ಗುರುತುಗಳು ಸರಿಯಾಗಿ ಕೂತಿವೆಯೇ ನೋಡಿದ ಮೇಲೆಯೇ ಕೀ ಮುಟ್ಟಿದ್ದು.

ಆಮೇಲೆ ಬ್ರೇಕು. ಬ್ರೇಕ್ ಆಯಿಲ್ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಹೊಸ ಡಾಟ್ 4 ಆಯಿಲ್ ಕಡಿಮೆಯೆಂದರೂ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ನೀರು ಸೇರಿದರೆ ಆ ಮಿತಿ 155ರ ಹತ್ತಿರಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕು ಬಿಸಿಯಾಗಿ ಆಯಿಲ್ ಕುದಿದರೆ ಪೆಡಲು ಮೆತ್ತಗೆ ನೆಲಕ್ಕೆ ಹೋಗುತ್ತದೆ. ಚಾರ್ಮಾಡಿ, ಶಿರಾಡಿಯಲ್ಲಿ ಓಡಾಡುವ ನಾವು ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು. ನಾನು ಆಯಿಲಿನ ಜೊತೆ ಹೋಸುಗಳನ್ನು, ಸಿಲಿಂಡರಿನ ರಬ್ಬರುಗಳನ್ನು, ಪ್ಯಾಡುಗಳನ್ನು ಹೊಸದಾಗಿ ಹಾಕಿದೆ. ಟಯರುಗಳಲ್ಲಿ ಗೆರೆಗಳು ಚೆನ್ನಾಗಿಯೇ ಇದ್ದವು. ಆದರೆ ಬದಿಯಲ್ಲಿ ನಾಲ್ಕು ಅಂಕಿ: 2306. ಅಂದರೆ 2006ನೇ ವರ್ಷದ 23ನೇ ವಾರ. ಇದನ್ನು ಓದಲು ಕಲಿತ ನನ್ನ ಮಗಳು ಆಮೇಲೆ ಓಣಿಯ ಎಲ್ಲ ಕಾರುಗಳ ಪ್ರಾಯ ಹೇಳುತ್ತಾ ತಿರುಗಿದಳು.

ಲೈಟಿನ ವಿಷಯ ತುಂಬಾ ಕಾಡಿತು. ಬಲ್ಬು ಹೊಸದು, ಬೆಳಕು ಮಾತ್ರ ಮೊಂಬತ್ತಿಯದ್ದು. ಸಾಧಾರಣ ಕಾರಿನಲ್ಲಿ ಬಾಡಿಯ ತಗಡೇ ಅರ್ತ್. ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ, ಆದ್ದರಿಂದ ಪ್ರತಿ ಲೈಟಿಗೂ ಬೇರೆ ಅರ್ತ್ ವಯರು ಚಾಸಿಸ್ಸಿನವರೆಗೆ ಹೋಗಬೇಕು. ಆ ವಯರುಗಳ ತುದಿ ಉಪ್ಪುಗಾಳಿಗೆ ಹಸಿರು ಕಟ್ಟಿತ್ತು. ಒಂದೊಂದನ್ನೇ ಕತ್ತರಿಸಿ, ಉಜ್ಜಿ, ಹೊಸ ತುದಿ ಹಾಕಲು ಮೂರು ಭಾನುವಾರ ಹೋಯಿತು. ಹೆಡ್‌ಲೈಟಿಗೆ ರಿಲೇ ಹಾಕಿ ಬ್ಯಾಟರಿಯಿಂದ ದಪ್ಪ ವಯರು ಎಳೆದೆ. ಅದೇ ಬಲ್ಬು ಈಗ ದಾರಿ ತೋರಿಸುತ್ತದೆ.

ಫೈಬರಿನ ಬಿರುಕು ಮುಚ್ಚುವ ವಿದ್ಯೆ ನಾನು ಕಲಿತದ್ದು ಯಾವ ಕಾರಿನ ಮೆಕ್ಯಾನಿಕ್ಕಿನಿಂದಲೂ ಅಲ್ಲ, ಉಳ್ಳಾಲದಲ್ಲಿ ದೋಣಿ ರಿಪೇರಿ ಮಾಡುವ ಒಬ್ಬ ಹಿರಿಯರಿಂದ. ನಮ್ಮ ಕಡಲಲ್ಲಿ ಓಡುವ ಫೈಬರ್ ದೋಣಿಗೂ ಈ ಕಾರಿಗೂ ಮೈ ಒಂದೇ. ರಜೆಯಲ್ಲಿ ಹೋದಾಗ ಅವರ ಹತ್ತಿರ ನಾಲ್ಕು ದಿನ ಕೂತೆ. ಬಿರುಕಿನ ಮೇಲೆ ಬರೀ ಪಟ್ಟಿ ಎಳೆದು ಬಣ್ಣ ಹೊಡೆದರೆ ಆರು ತಿಂಗಳಲ್ಲಿ ಅದೇ ಗೆರೆ ಮತ್ತೆ ಕಾಣುತ್ತದೆ. ಬಿರುಕನ್ನು ಅಗಲವಾಗಿ ಇಳಿಜಾರು ಮಾಡಿ ಉಜ್ಜಬೇಕು. ಹಿಂಬದಿಯಿಂದ ಮ್ಯಾಟು ಕೊಟ್ಟು ರೆಸಿನ್ ಕುಡಿಸಬೇಕು. ರೋಲರಿನಿಂದ ಗಾಳಿಗುಳ್ಳೆ ಹೊರಗೆ ತೆಗೆಯಬೇಕು. ಗಟ್ಟಿಯಾಗಿಸುವ ಮದ್ದು ನೂರಕ್ಕೆ ಒಂದೆರಡು ಪಾಲು ಸಾಕು. ಉಳ್ಳಾಲದ ಸೆಕೆಯಲ್ಲಿ ಬೇಗ ಹಿಡಿಯುವ ರೆಸಿನ್ ಹೊಸೂರಿನ ಡಿಸೆಂಬರಿನ ಚಳಿಯಲ್ಲಿ ಗಂಟೆಗಟ್ಟಲೆ ಮೆತ್ತಗೇ ಇರುತ್ತದೆ, ಹಾಗಾಗಿ ಮಧ್ಯಾಹ್ನದ ಬಿಸಿಲಿಗೇ ಕೆಲಸ. ಉಜ್ಜುವಾಗ ಒಳ್ಳೆಯ ಮಾಸ್ಕು ಬೇಕೇ ಬೇಕು. ಆ ಪುಡಿ ಶ್ವಾಸಕೋಶಕ್ಕೆ ಹೋಗಬಾರದು. "ದೋಣಿ ಒಡೆದರೆ ಮೀನು ಮಾತ್ರ ಹೋಗುವುದಲ್ಲ, ಮನುಷ್ಯ ಹೋಗುತ್ತಾನೆ. ಹಾಗೆ ತಿಳಿದು ಕೆಲಸ ಮಾಡು" ಎಂದು ಅವರು ಹೇಳಿದ್ದರು.

ಮೈ ಫೈಬರಾದರೂ ಅಡಿಯ ಚಾಸಿಸ್ಸು ಉಕ್ಕು. ಅಲ್ಲಿ ತುಕ್ಕು ಎರಡು ಕಡೆ ತೂತು ಮಾಡಿತ್ತು. ಅಷ್ಟು ಭಾಗ ಕತ್ತರಿಸಿ ಹೊಸ ಉಕ್ಕು ಬೆಸೆಯುವ ಕೆಲಸವನ್ನು ಇಲ್ಲಿನ ಒಬ್ಬ ಒಳ್ಳೆಯ ವೆಲ್ಡರಿಗೆ ಕೊಟ್ಟೆ. ಎಲ್ಲವನ್ನೂ ಮನೆಯಲ್ಲೇ ಮಾಡಬೇಕೆಂಬ ಹಟ ಬೇಡ. ಜೀವ ನಿಂತಿರುವ ಬೆಸುಗೆಯನ್ನು ದಿನಾ ಬೆಸೆಯುವವನೇ ಬೆಸೆಯಬೇಕು.

ಗೆಳೆಯರು ಇಷ್ಟು ಮಾಡಿದವನು ದೊಡ್ಡ ಎಂಜಿನ್ ಹಾಕು, ಸದ್ದು ಮಾಡುವ ಸೈಲೆನ್ಸರ್ ಹಾಕು ಎಂದರು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಬರೆದದ್ದಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಕಾನೂನು ಇಲ್ಲದಿದ್ದರೂ ನನಗೆ ಆ ಆಸೆ ಇರಲಿಲ್ಲ. ನನ್ನ ಲೆಕ್ಕದಲ್ಲಿ ಕಾರನ್ನು ಉತ್ತಮಪಡಿಸುವುದು ಎಂದರೆ ಅದು ಮೊದಲಿಗಿಂತ ಚೆನ್ನಾಗಿ ನಿಲ್ಲಬೇಕು, ಚೆನ್ನಾಗಿ ಕಾಣಬೇಕು, ತಣ್ಣಗಿರಬೇಕು. ರೇಡಿಯೇಟರಿಗೆ ಹೊಸ ಕೋರ್, ನೀರಿನ ಬದಲು ಕೂಲಂಟು. ಈಗ ಬಂಕುಗಳಲ್ಲಿ ಬರುವುದು ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಇರುವ ಪೆಟ್ರೋಲು. ಹಳೆಯ ರಬ್ಬರು ಅದಕ್ಕೆ ಉಬ್ಬುತ್ತದೆ, ಬಿರಿಯುತ್ತದೆ. ಆದ್ದರಿಂದ ಪೆಟ್ರೋಲಿನ ಪೈಪುಗಳನ್ನೆಲ್ಲ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿದ್ದೇನೆ. ಹಳೆಯ ಕಾರಿರುವ ಎಲ್ಲರೂ ಇದನ್ನೊಂದು ನೋಡಿಕೊಳ್ಳಿ; ಬೆಂಕಿಯ ಜೊತೆ ಆಟ ಬೇಡ.

ನಮ್ಮ ಮನೆಯಲ್ಲೇ ಎದ್ದ ಪ್ರಶ್ನೆ ಒಂದಿದೆ. ಇದು ಇಸ್ರಾಫ್ ಅಲ್ಲವೇ, ದುಂದು ಅಲ್ಲವೇ? ನನ್ನ ಹೆಂಡತಿ ಅದನ್ನು ಮೆಲ್ಲಗೆ ಕೇಳಿದಳು, ನ್ಯಾಯವಾಗಿಯೇ ಕೇಳಿದಳು. ಆಗ ಒಂದು ನೋಟುಬುಕ್ಕು ಇಟ್ಟೆವು. ಮಗಳ ಫೀಸು, ಮನೆ ಬಾಡಿಗೆ, ಊರಿಗೆ ಕಳಿಸುವ ದುಡ್ಡು ಎಲ್ಲ ಮೊದಲು. ಅದರ ಮೇಲೆ ಉಳಿದದ್ದರಲ್ಲಿ ತಿಂಗಳಿಗೆ 2,000 ರೂಪಾಯಿ ಕಾರಿಗೆ. ದಾಟುವ ಹಾಗಿಲ್ಲ. ಅದು ಸಾಲದ ತಿಂಗಳುಗಳಲ್ಲಿ ಕಾರು ಸ್ಟ್ಯಾಂಡಿನ ಮೇಲೆ ಕಾದಿತು. ವೆಲ್ಡಿಂಗಿಗೂ ಟಯರಿಗೂ ನನ್ನ ಬೋನಸ್ಸು ಹೋಯಿತು. ಅದನ್ನು ಹೆಂಡತಿಯೇ ಕೊಡು ಎಂದಳು. ಸುಮ್ಮನೆ ನಿಲ್ಲಿಸಿ ಕೊಳೆಸುವುದೂ ಒಂದು ದುಂದು ಎಂದು ಅವಳೇ ಆಮೇಲೆ ಉಮ್ಮನಿಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆ.

ಕಾಗದದ ಕೆಲಸವೂ ಸಣ್ಣದಲ್ಲ. ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಡುವುದಾದರೆ ಅಲ್ಲಿಯ ನಂಬರು ಪಡೆಯಬೇಕು. ಕಾಕ ರಜೆಯಲ್ಲಿ ಬಂದಾಗ 29, 30ನೇ ಫಾರ್ಮಿಗೆ ಸಹಿ ಹಾಕಿದರು. ಊರಿನಿಂದ ಎನ್‌ಒಸಿ ತಂದು, ಇಲ್ಲಿ ತೆರಿಗೆ ಕಟ್ಟಿ, ಟಿಎನ್ 70ರ ನಂಬರು ಮಾಡಿಸಿದೆ. 2017ರಲ್ಲಿ ಇನ್‌ಸ್ಪೆಕ್ಟರರು ಬ್ರೇಕು, ಲೈಟು, ಚಾಸಿಸ್ ನಂಬರು ಎಲ್ಲ ನೋಡಿ ಐದು ವರ್ಷಕ್ಕೆ ಆರ್‌ಸಿ ನವೀಕರಿಸಿದರು. ಆಗ ಫೀಸು 600 ರೂಪಾಯಿ. 2022ರ ಏಪ್ರಿಲಿನಿಂದ ಅದು 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದ್ದಾರೆ. 2027ಕ್ಕೆ ನಮ್ಮ ನೋಟುಬುಕ್ಕಿನಲ್ಲಿ ಈಗಲೇ ಒಂದು ಪುಟ ತೆಗೆದಿಟ್ಟಿದ್ದೇವೆ.

2021ರಲ್ಲಿ ಕಾಕ ಕೆಲಸ ಬಿಟ್ಟು ಊರಿಗೆ ಬಂದರು. ಸಕ್ಕರೆ ಕಾಯಿಲೆ, ಮಂಡಿನೋವು, ಒಳಗೊಳಗೆ ಇನ್ನು ನಾನು ಯಾರಿಗೂ ಬೇಡ ಎಂಬ ಭಾವ. ಇಪ್ಪತ್ತೆರಡು ವರ್ಷ ದುಡಿದು ಬಂದವರಲ್ಲಿ ಇದನ್ನು ನೀವೂ ನೋಡಿರುತ್ತೀರಿ. ಅವರನ್ನು ಹೊಸೂರಿಗೆ ಕರೆಸಿ ಕೀ ಕೈಗೆ ಕೊಟ್ಟೆ. ನೆಲಕ್ಕೆ ಹತ್ತಿರದ ಸೀಟಿಗೆ ಇಳಿಯಲು ಮಂಡಿ ಒಪ್ಪಲಿಲ್ಲ; ಬಾಗಿಲು ಹಿಡಿದು ಮೆಲ್ಲಗೆ ಕೂತರು. ಶೂಳಗಿರಿ ದಾಟಿ ಕೃಷ್ಣಗಿರಿ ಅಣೆಕಟ್ಟಿನವರೆಗೆ ಅವರೇ ಓಡಿಸಿದರು. ದಾರಿಯಲ್ಲಿ ಮಾತಿಲ್ಲ. ಅಣೆಕಟ್ಟಿನ ಹತ್ತಿರ ಇಳಿದು ಬಾನೆಟ್ಟಿನ ಮೇಲೆ ಕೈ ಇಟ್ಟು, "ಎರಡನೇ ಗೇರು ಸ್ವಲ್ಪ ಗಟ್ಟಿ ಉಂಟು, ಅದನ್ನು ನೋಡುವ" ಎಂದರು. ಈಗ ಎರಡು ತಿಂಗಳಿಗೊಮ್ಮೆ ಬಂದು ವಾರ ಇರುತ್ತಾರೆ. ನಾನು ಅಡಿಯಲ್ಲಿ ಮಲಗಿರುತ್ತೇನೆ, ಅವರು ಸ್ಟೂಲಿನಲ್ಲಿ ಕೂತು ಪಾನಾ ಕೊಡುತ್ತಾರೆ, ಬೈಯುತ್ತಾರೆ.

ನಮ್ಮಲ್ಲಿ ಎಷ್ಟೋ ಅಂಗಳಗಳಲ್ಲಿ ಗಲ್ಫಿನಲ್ಲಿರುವ ಮಗನ ಅಥವಾ ಅಣ್ಣನ ಕಾರು ಟಾರ್ಪಾಲು ಹೊದ್ದು ನಿಂತಿದೆ. ಅದು ಸ್ಪೋರ್ಟ್ಸ್ ಕಾರೇ ಆಗಬೇಕೆಂದಿಲ್ಲ, ಹಳೆಯ ಆಲ್ಟೋ ಆದರೂ ಸರಿ. ಬ್ಯಾಟರಿಯ ಮೈನಸ್ ವಯರು ಕಳಚಿಡಿ. ಹ್ಯಾಂಡ್ ಬ್ರೇಕು ಎಳೆದಿಡಬೇಡಿ, ಚಕ್ರಕ್ಕೆ ಕಲ್ಲು ಇಡಿ. ಪ್ಲಾಸ್ಟಿಕ್ಕಿನ ಟಾರ್ಪಾಲು ಒಳಗೆ ಬೆವರು ಹಿಡಿದು ತುಕ್ಕು ತರುತ್ತದೆ, ಗಾಳಿಯಾಡುವ ಬಟ್ಟೆ ಹೊದಿಸಿ. ಹದಿನೈದು ದಿನಕ್ಕೊಮ್ಮೆ ಬ್ಯಾಟರಿ ಕಟ್ಟಿ, ಎಂಜಿನ್ನು ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ. ನಿಂತಲ್ಲೇ ಎರಡು ನಿಮಿಷ ಸ್ಟಾರ್ಟ್ ಮಾಡಿದರೆ ಪ್ರಯೋಜನ ಇಲ್ಲ. ಮತ್ತೆ, ಆ ಕಾರಿನ ಧಣಿಗೆ ಅದು ಓಡಿದ ಒಂದು ವೀಡಿಯೊ ಕಳಿಸಿ. ಅಲ್ಲಿ ಕ್ಯಾಂಪಿನ ಕೋಣೆಯಲ್ಲಿ ಕೂತವರಿಗೆ ತಮ್ಮದೊಂದು ವಸ್ತು ಊರಲ್ಲಿ ಜೀವಂತ ಉಂಟು ಎಂದು ಗೊತ್ತಾಗಲಿ.