ನಳದ ಗ್ರೂಪು, ಹೊಳೆಯ ನೀರು

2019ರ ನಾಗರಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ಬೆಳಗಾವಿ ಹತ್ತಿರದ ಮಚ್ಛೆಯ ನಮ್ಮ ಓಣಿಯಲ್ಲಿ ಶೇಂಗಾ ಉಂಡಿ, ಅಳ್ಳು ಎಲ್ಲ ತಯಾರಿದ್ದವು. ಜೋಕಾಲಿ ಕಟ್ಟಲು ಮಾತ್ರ ಮಳೆ ಬಿಡಲಿಲ್ಲ. ಖಾನಾಪುರದ ಕಾಡಿನ ಮೇಲೆ ಹಗಲೂ ರಾತ್ರಿ ಸುರಿಯುತ್ತಿತ್ತು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರ ದಾಟಿ ನವಿಲುತೀರ್ಥದ ಅಣೆಕಟ್ಟು ಸೇರುತ್ತದೆ. 37.73 ಟಿಎಂಸಿ ಹಿಡಿಯುವ ಆ ಜಲಾಶಯ ತುಂಬಿ ಗೇಟು ಎತ್ತಿದಾಗ ರಾಮದುರ್ಗದ ಓಣಿಗಳಿಗೆ ಹೊಳೆ ನುಗ್ಗಿತು. ನಮ್ಮ ಕಡೆ ಬಿದ್ದ ಮಳೆಯೇ ಅಲ್ಲಿ ಮನೆ ಮುಳುಗಿಸಿತ್ತು.

ರಾಜ್ಯದಲ್ಲಿ ಆಗ ಮಂತ್ರಿಮಂಡಲವೇ ಇರಲಿಲ್ಲ. ಯಡಿಯೂರಪ್ಪನವರು ಜುಲೈ 26ರಂದು ಮುಖ್ಯಮಂತ್ರಿಯಾಗಿ ಒಬ್ಬರೇ ಪ್ರಮಾಣವಚನ ಸ್ವೀಕರಿಸಿದ್ದರು. ಸಂಪುಟ ಆದದ್ದು ಆಗಸ್ಟ್ 20ಕ್ಕೆ. ಜಿಲ್ಲೆಗೊಬ್ಬ ಉಸ್ತುವಾರಿ ಸಚಿವರಿಲ್ಲದ ಹೊತ್ತಿನಲ್ಲಿ ಅಧಿಕಾರಿಗಳೂ ಸೇನೆಯವರೂ ದೋಣಿ ಹಿಡಿದು ದುಡಿಯುತ್ತಿದ್ದರು.

ನಮ್ಮಲ್ಲಿದ್ದದ್ದು ಒಂದು ವಾಟ್ಸ್‌ಆ್ಯಪ್ ಗುಂಪು. ಎಲ್ಲರೂ ಅದನ್ನು ‘ನಳದ ಗ್ರೂಪು’ ಅನ್ನುತ್ತಿದ್ದರು. ಒಬ್ಬರು “ನಳಾ ಬಂತೇನ್ರಿ?” ಅಂತ ಕನ್ನಡದಲ್ಲಿ ಕೇಳಿದರೆ, ಇನ್ನೊಬ್ಬರು “ಪಾಣಿ ಆಲಂ ಕಾ?” ಅಂತ ಮರಾಠಿಯಲ್ಲಿ ಕೇಳುವರು. ಯಾರು ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ ಸಿಗುತ್ತಿತ್ತು. ಗುಂಪು ಕಟ್ಟಿದ ಫೌಂಡ್ರಿಯ ಹುಡುಗ ಪುಣೆಗೆ ಕೆಲಸಕ್ಕೆ ಹೋದವನು ಗ್ರೂಪಿನಿಂದಲೂ ಹೊರಬಿದ್ದಿದ್ದ. ಆಗ ವಾಟ್ಸ್‌ಆ್ಯಪ್ ತಾನಾಗಿಯೇ ನಿವೃತ್ತ ಟೀಚರ್ ಒಬ್ಬರನ್ನು ಅಡ್ಮಿನ್ ಮಾಡಿಬಿಟ್ಟಿತು. ಅವರು ಯಾರನ್ನೂ ತೆಗೆಯಲಿಲ್ಲ, ಯಾರ ಬಾಯಿಗೂ ಬೀಗ ಹಾಕಲಿಲ್ಲ.

ರಾಮದುರ್ಗಕ್ಕೆ ಕೊಟ್ಟಿದ್ದ ಮಗಳೊಬ್ಬಳು ಪಂಚಮಿಗೆಂದು ನಮ್ಮ ಓಣಿಯ ತವರಿಗೆ ಬಂದಿದ್ದಳು. ಅವಳ ಗಂಡನ ಮನೆಯವರು ನೇಕಾರರು. ಅಲ್ಲಿ ಹೊಳೆ ನುಗ್ಗಿದ ರಾತ್ರಿ ಅವಳ ಫೋನಿಗೆ ಬಂದ ಫೋಟೋ ಗ್ರೂಪಿಗೂ ಬಂತು. ಮಗ್ಗದ ಕುಣಿಯಲ್ಲಿ ಕೆಂಪು ನೀರು ತುಂಬಿ, ಹಾಸಿದ ನೂಲು ಅದರಲ್ಲೇ ತೇಲುತ್ತಿತ್ತು. ಮರುಗಳಿಗೆಯಿಂದ ಫೋನು ಸುಮ್ಮನಿರಲಿಲ್ಲ.

ರಾಮದುರ್ಗಕ್ಕೆ ಸಾಮಾನು ಕಳಿಸೋಣ ಎಂದು ಎಲ್ಲರೂ ಹೊರಟರು. ಮೊದಲು ಬರೀ ಗದ್ದಲ. ನಾಲ್ಕು ಮನೆಯವರು ಬ್ರೆಡ್ಡೇ ತಂದರು, ಚಾದರ ಯಾರೂ ತರಲಿಲ್ಲ. ಡ್ಯಾಮ್ ಒಡೆಯಿತಂತೆ ಎಂಬ ಧ್ವನಿ ಸಂದೇಶ ಬಂದು ಓಣಿಯೆಲ್ಲ ನಡುಗಿತು. ಕಿರಾಣಿ ಅಂಗಡಿಯ ಕಾಕಾ ಎರಡೇ ಮಾತು ಬರೆದರು: “ಯಾರ್ ನೋಡ್ಯಾರ? ಎಷ್ಟೊತ್ತಿಗೆ?” ಉತ್ತರ ಬರಲಿಲ್ಲ. ಅಲ್ಲಿಂದ ಮುಂದೆ ಯಾವ ಸುದ್ದಿ ಬಂದರೂ ಯಾರಾದರೂ ಅದೇ ಪ್ರಶ್ನೆ ಕೇಳುತ್ತಿದ್ದರು. ನೋಡಿದವರ ಹೆಸರು, ವೇಳೆ ಇಲ್ಲದ ಸುದ್ದಿಯನ್ನು ಜನ ಮುಂದಕ್ಕೆ ಕಳಿಸುವುದನ್ನೇ ಬಿಟ್ಟರು.

ಪಟ್ಟಿ ಶುರು ಮಾಡಿದವಳು ಡಿಗ್ರಿ ಓದುತ್ತಿದ್ದ ಹುಡುಗಿ. “ಖಡಕ್ ರೊಟ್ಟಿ, 50, ನಮ್ಮನಿ” ಅಂತ ಒಂದು ಸಾಲು ಹಾಕಿದಳು. ಮುಂದಿನವರು ಅದನ್ನೇ ಕಾಪಿ ಮಾಡಿ ಕೆಳಗೆ ತಮ್ಮದೊಂದು ಸಾಲು ಸೇರಿಸಿದರು. ಶೇಂಗಾ ಚಟ್ನಿ, ಚಾದರ, ಮಕ್ಕಳ ಅಂಗಿ, ಹಬ್ಬಕ್ಕೆ ಕಟ್ಟಿದ ಉಂಡಿಯ ಡಬ್ಬಿಗಳು, ಹೀಗೆ ಪಟ್ಟಿ ಬೆಳೆಯಿತು. ಇಬ್ಬರು ಒಂದೇ ಸಲ ಸೇರಿಸಿದಾಗ ಪಟ್ಟಿ ಎರಡಾಗುತ್ತಿತ್ತು. ಹುಡುಗಿ ಎರಡನ್ನೂ ಕೂಡಿಸಿ ಮತ್ತೆ ಹಾಕುತ್ತಿದ್ದಳು. ಸಾಮಾನು ತಲುಪಿದ ಸಾಲಿನ ಮುಂದೆ “ಮುಟ್ಟೇತಿ” ಅಂತ ಬೀಳುತ್ತಿತ್ತು. ಆ ಒಂದು ಪದ ಕಂಡರೆ ಕೊಟ್ಟವರ ಮನಸ್ಸು ನಿರಾಳವಾಗುತ್ತಿತ್ತು.

ನಡುವೆ ಒಬ್ಬರು ಹಿರಿಯರು, “ಇನ್ನ ಮ್ಯಾಲೆ ಎಲ್ಲಾ ನನ್ನ ಕೇಳೇ ಮಾಡ್ರಿ” ಅಂತ ಬರೆದರು. ಜಗಳ ಆಗಬಹುದಿತ್ತು. ಅದರ ಕೆಳಗೇ ಬಿದ್ದ ಸಂದೇಶ ಹೀಗಿತ್ತು: “ಟೆಂಪೋ ಬಂದೇತ್ರಿ, ಚೀಲ ಏರ್ಸಾಕ ನಾಕ್ ಮಂದಿ ಬರ್ರಿ.” ಮೊದಲು ಬಂದು ಚೀಲಕ್ಕೆ ಹೆಗಲು ಕೊಟ್ಟವರು ಅದೇ ಹಿರಿಯರು. ಆಮೇಲೆ ರಾಮದುರ್ಗದ ದಾರಿ ಯಾವುದು ತೆರೆದಿದೆ, ಯಾವುದು ಮುಚ್ಚಿದೆ ಎಂದು ವಿಚಾರಿಸುವ ಕೆಲಸ ಅವರದಾಯಿತು. ಅವರು ಬಯಸಿದ ಅಧಿಕಾರ ಸಿಗಲಿಲ್ಲ. ಅವರಿಗೊಪ್ಪುವ ಕೆಲಸ ಸಿಕ್ಕಿತು.

ಮುಖಂಡರಿಲ್ಲದ ಗುಂಪು ತನ್ನಷ್ಟಕ್ಕೆ ತಾನೇ ನಡೆಯುತ್ತದೆ ಎಂದರೆ ನಾನು ಒಪ್ಪುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಆ ಹುಡುಗಿ ಪಟ್ಟಿ ಸರಿಪಡಿಸುತ್ತ ಕೂತಿರುತ್ತಿದ್ದಳು. ಇಂಥ ಕೆಲಸ ಕಣ್ಣಿಗೆ ಬೀಳುವುದಿಲ್ಲ, ಮಾಡುವವರು ದಣಿದದ್ದೂ ಯಾರಿಗೂ ಗೊತ್ತಾಗುವುದಿಲ್ಲ. ಒಂದು ದಿನ ಅವರು ಸುಮ್ಮನಾದರೆ ಉಳಿಯುವುದು ಗುಡ್ ಮಾರ್ನಿಂಗ್ ಹೂವಿನ ಚಿತ್ರ ಮಾತ್ರ. ನಮ್ಮ ಗುಂಪು ಉಳಿದದ್ದು ಟೀಚರ್ ಬರೆದ ಒಂದು ಸಾಲಿನಿಂದ: “ತಂಗಿ, ನೀ ಇವತ್ತ ಮಲಕೋ. ನಾಳಿ ಪಟ್ಟಿ ನಾ ನೋಡ್ತೀನಿ.” ಮರುದಿನ ಟೀಚರ್, ಅದರಾಚೆ ಕಿರಾಣಿ ಕಾಕಾ. ಪಟ್ಟಿ ಹೀಗೆ ಕೈಯಿಂದ ಕೈಗೆ ದಾಟಿತು.

2021ರ ಜುಲೈನಲ್ಲಿ ಮಲಪ್ರಭೆ ಮತ್ತೆ ಉಕ್ಕಿದಾಗ ಆ ಹುಡುಗಿ ಮದುವೆಯಾಗಿ ಬೇರೆ ಊರು ಸೇರಿದ್ದಳು. ಆದರೂ ಪಟ್ಟಿ ಅಂದೇ ಬಂತು, ಸುದ್ದಿ ತಂದವರಿಗೆ “ಯಾರ್ ನೋಡ್ಯಾರ?” ಎಂಬ ಪ್ರಶ್ನೆಯೂ ಬಂತು. ಕೇಳಿದವರು ಆಮೇಲೆ ಗ್ರೂಪಿಗೆ ಸೇರಿದ ಬಾಡಿಗೆಯವರು. 2019ರ ಮಳೆಯಲ್ಲಿ ಅವರು ಮಚ್ಛೆಯಲ್ಲೇ ಇರಲಿಲ್ಲ. ಕಟ್ಟಿದವರು ಹೋದ ಮೇಲೂ ಹೊಸಬರು ಕೇಳದೆಯೇ ಕಲಿತು ನಡೆಸುವ ರೂಢಿ ಇದ್ದರೆ ಆ ಗುಂಪು ಮುಖಂಡರಿಲ್ಲದಿದ್ದರೂ ನಡೆಯುತ್ತದೆ. ರೂಢಿ ಇಲ್ಲದಿದ್ದರೆ ಎಂಥ ಮುಖಂಡರಿದ್ದರೂ ಅದು ಅವರಿರುವ ತನಕ ಮಾತ್ರ.